ಪುಟ್ಟ ಕೈ ಪಳಗಲು ಯಾವುದು ಬೇಕು? ಜೇಡಿಮಣ್ಣು, ಚನ್ನಪಟ್ಟಣದ ಆಟಿಕೆ, ಮಾಂಟೆಸ್ಸೊರಿ ಸಾಮಾನು: ಒಂದು ಹೋಲಿಕೆ

ಒಂದರಿಂದ ಐದು ವರ್ಷದ ಮಗುವಿರುವ ಮನೆಗಳಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಆನ್‌ಲೈನಿನಲ್ಲಿ ಐದಾರು ಸಾವಿರದ ಮಾಂಟೆಸ್ಸೊರಿ ಕಿಟ್ ಕಾಣಿಸುತ್ತಿದೆ, ಅತ್ತೆ ಚನ್ನಪಟ್ಟಣದ ಗೊಂಬೆ ಸಾಕು ಅನ್ನುತ್ತಾರೆ, ಪಕ್ಕದ ಮನೆಯವರು ಬ್ಯುಸಿ ಬೋರ್ಡ್ (ಚಿಲಕ, ಕೊಂಡಿ ಬಡಿದ ಆಟದ ಹಲಗೆ) ತಂದಿದ್ದಾರೆ, ಪ್ಲೇ ಸ್ಕೂಲಿನವರು ಕ್ಲೇ ತನ್ನಿ ಅನ್ನುತ್ತಾರೆ. ಕೈಬೆರಳು ಪಳಗಲು ಇದರಲ್ಲಿ ಯಾವುದು ನಿಜವಾಗಿ ಬೇಕು?

ಕೈ ಪಳಗುವುದಕ್ಕೂ ದುಡ್ಡಿಗೂ ನಂಟು ಬಹಳ ಕಡಿಮೆ. ಹಾಗಂತ ‘ಏನೂ ಕೊಳ್ಳಬೇಡಿ, ಅಡುಗೆಮನೆ ಸಾಕು’ ಅನ್ನುವವರ ಮಾತನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಅಡುಗೆಮನೆಯ ಕೆಲಸಕ್ಕೆ ದೊಡ್ಡವರೊಬ್ಬರು ಪಕ್ಕದಲ್ಲೇ ಕೂತಿರಬೇಕು, ಆಮೇಲೆ ನೆಲ ಒರೆಸಬೇಕು. ಅಷ್ಟು ಹೊತ್ತು ಎಲ್ಲರ ಹತ್ತಿರ ಇರುವುದಿಲ್ಲ, ಅಲ್ವಾ? ಆಟಿಕೆಗೆ ದುಡ್ಡು ಕೊಡುವಾಗ ನಾವು ಬಹುತೇಕ ಕೊಳ್ಳುವುದು ಆ ಹೊತ್ತನ್ನೇ. ಇದನ್ನು ಮನಸ್ಸಲ್ಲಿಟ್ಟುಕೊಂಡು ನೋಡಿದರೆ ಆಯ್ಕೆ ಸುಲಭವಾಗುತ್ತದೆ.

ಮೊದಲು ಯಾವುದನ್ನು ನೋಡಬೇಕು

ಮುಖ್ಯವಾದದ್ದು ಎದುರು ಒತ್ತು. ಮಗು ಒತ್ತಿದರೆ, ಎಳೆದರೆ, ತಿರುಗಿಸಿದರೆ ವಸ್ತು ಸ್ವಲ್ಪ ಬಿಗಿಯಾಗಿ ನಿಲ್ಲಬೇಕು. ಹೆಬ್ಬೆರಳ ಬುಡದ ಸ್ನಾಯು ಗಟ್ಟಿಯಾಗುವುದು ಹಾಗೇ. ಟ್ಯಾಬ್ ಪರದೆಯ ಮೇಲೆ ಅಕ್ಷರ ತಿದ್ದಿಸುವ ಆ್ಯಪ್‌ಗಳನ್ನು ನಾನು ಈ ಪಟ್ಟಿಗೇ ಸೇರಿಸದಿರಲು ಕಾರಣ ಇದು. ಗಾಜಿನ ಮೇಲೆ ಬೆರಳು ಜಾರುತ್ತದೆ, ಬೆರಳಿಗೆ ಕೆಲಸವೇ ಇಲ್ಲ.

ಎರಡನೆಯದು ವಯಸ್ಸು. ದೊಡ್ಡವರ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹುಟ್ಟಿದ ಮಗುವಿನ ಎಕ್ಸ್‌ರೇ ತೆಗೆದರೆ ಸಾಮಾನ್ಯವಾಗಿ ಅವುಗಳಲ್ಲಿ ಒಂದೂ ಕಾಣುವುದಿಲ್ಲ, ಆಗಿನ್ನೂ ಎಲ್ಲ ಮೆದು ಎಲುಬು. ಅವು ಒಂದೊಂದಾಗಿ ಗಟ್ಟಿಯಾಗುತ್ತಾ ಹೋಗಿ, ಕೊನೆಯದು ಗಟ್ಟಿಯಾಗುವಾಗ ಮಗುವಿಗೆ ಒಂಬತ್ತು ದಾಟಿರುತ್ತದೆ. ಇನ್ನು ಬೆರಳಿನ ಕಥೆ. ಆರು ತಿಂಗಳ ಆಸುಪಾಸಿನಲ್ಲಿ ಮಗು ಇಡೀ ಅಂಗೈಯಿಂದ ಬಾಚಿಕೊಳ್ಳುತ್ತದೆ, ಒಂಬತ್ತು ಹತ್ತು ತಿಂಗಳಿಗೆ ಹೆಬ್ಬೆರಳು ತೋರುಬೆರಳು ಸೇರಿಸಿ ನೆಲದ ಮೇಲಿನ ಅನ್ನದ ಅಗುಳು ಹೆಕ್ಕುತ್ತದೆ, ಒಂದೂವರೆಗೆ ಮೂರು ನಾಲ್ಕು ಬ್ಲಾಕ್ ಒಂದರ ಮೇಲೊಂದು ಇಡುತ್ತದೆ, ಎರಡಕ್ಕೆ ಆರೇಳು. ಮೂರಕ್ಕೆ ನೋಡಿ ಸೊನ್ನೆ ಸುತ್ತುತ್ತದೆ, ನಾಲ್ಕಕ್ಕೆ ಕೂಡುವ ಗುರುತು, ಐದರ ಹೊತ್ತಿಗೆ ತ್ರಿಕೋನ. ಒಂದೆರಡು ತಿಂಗಳು ಆಚೀಚೆ ಆದರೆ ತಲೆಕೆಡಿಸಿಕೊಳ್ಳಬೇಡಿ. ಆದರೆ ಮೂರಕ್ಕೆ ಬರೀ ಒಂದು ಸೊನ್ನೆ ಸುತ್ತುವ ಕೈಯಲ್ಲಿ ‘ಈ’ ‘ಋ’ ಬರೆಸಲು ಹೊರಟರೆ ಹೇಗೆ ಹೇಳಿ. ಎಲ್‌ಕೆಜಿ ಹೋಮ್‌ವರ್ಕ್ ನೋಡಿದಾಗೆಲ್ಲ ನನಗೆ ಇದೇ ಸಿಟ್ಟು.

ಮೂರನೆಯದು ಬಾಯಿ. ಮೂರು ವರ್ಷದೊಳಗಿನ ಮಗುವಿಗೆ ಎಲ್ಲವೂ ತಿನ್ನುವ ವಸ್ತುವೇ. ಆಟಿಕೆ ಪರೀಕ್ಷಿಸುವವರು ಸುಮಾರು 32 ಮಿಲಿಮೀಟರ್ ಅಗಲದ ಒಂದು ಕೊಳವೆ ಇಟ್ಟುಕೊಂಡಿರುತ್ತಾರೆ, ಅದರೊಳಗೆ ಪೂರ್ತಿ ಇಳಿಯುವ ಚೂರು ಮೂರರೊಳಗಿನವರಿಗೆ ಕೂಡದು. ನಮ್ಮ ಹತ್ತು ರೂಪಾಯಿ ನಾಣ್ಯದ ಅಗಲ 27 ಮಿಲಿಮೀಟರ್. ಅದಕ್ಕಿಂತ ಸಾಕಷ್ಟು ದೊಡ್ಡದಿಲ್ಲದ ಮಣಿ, ಕಾಳು, ಬಳಪದ ಚೂರು ಯಾವುದನ್ನೂ ಪುಟ್ಟವರ ಕೈಗೆ ಕೊಟ್ಟು ಫೋನ್ ನೋಡುತ್ತಾ ಕೂರಬಾರದು.

ಉಳಿದ ಎರಡು ನಿಮಗೇ ಗೊತ್ತಿರುವಂಥವು: ಎಷ್ಟು ದಿನ, ಎಷ್ಟು ಬಗೆಯಲ್ಲಿ ಆಡಬಹುದು, ಮತ್ತು ಆಡಿದ ಮೇಲೆ ತೊಳೆಯೋರು ಯಾರು.

ಅಡುಗೆಮನೆ

ಖರ್ಚು ಸೊನ್ನೆ, ಎದುರು ಒತ್ತು ಬೇಕಾದಷ್ಟು. ಚಳಿಗಾಲದ ಹಿದುಕವರೆ ತೆಗೆದುಕೊಳ್ಳಿ. ನೆನೆಸಿದ ಅವರೆಕಾಳನ್ನು ಹೆಬ್ಬೆರಳು ತೋರುಬೆರಳ ಮಧ್ಯೆ ಇಟ್ಟು ಹಿದುಕಿದರೆ ಸಿಪ್ಪೆಯಿಂದ ಬೇಳೆ ಚಿಮ್ಮುತ್ತದೆ. ನಾಲ್ಕು ವರ್ಷದ ಮಗುವಿಗೆ ಅದು ಎಲ್ಲಿ ಹೋಗಿ ಬೀಳುತ್ತದೆ ಅನ್ನುವುದೇ ಆಟ. ಪೆನ್ಸಿಲ್ ಹಿಡಿಯಲು ಬೇಕಾದ ಎರಡು ಬೆರಳಿಗೆ ಇಷ್ಟು ನೇರವಾಗಿ ಕೆಲಸ ಕೊಡುವ ಆಟಿಕೆಯನ್ನು ನಾನಂತೂ ಅಂಗಡಿಯಲ್ಲಿ ನೋಡಿಲ್ಲ. ಹಸಿ ಕಾಳು ಬಾಯಿಗೆ ಹೋಗದಂತೆ ನೋಡಿಕೊಳ್ಳಬೇಕು, ಅಷ್ಟೇ.

ಮೂರರ ಕೆಳಗಿನವರಿಗೆ ಕಾಳು ಬೇಡವೇ ಬೇಡ. ಮೂಗಿಗೆ ತುರುಕಿಕೊಳ್ಳುತ್ತವೆ, ಅಲ್ಲಿ ಅದು ನೆಂದು ಊದಿಕೊಳ್ಳುತ್ತದೆ, ಆಮೇಲೆ ರಾತ್ರಿ ಇಎನ್‌ಟಿ ಡಾಕ್ಟರನ್ನು ಹುಡುಕಿಕೊಂಡು ಹೋಗಬೇಕು. ಕಡಲೆಕಾಯಿ ಬೀಜವಂತೂ ಉಸಿರುನಾಳಕ್ಕೆ ಹೋಗುವ ಅಪಾಯ. ಆ ವಯಸ್ಸಿಗೆ ಚಪಾತಿ ಹಿಟ್ಟಿನ ಉಂಡೆ ಕೊಡಿ. ದಂಟಿನಿಂದ ಸೊಪ್ಪು ಬಿಡಿಸಲಿ, ಬಾಳೆಹಣ್ಣು ಸುಲಿಯಲಿ, ಒಂದು ಬೋಗುಣಿಯಿಂದ ಇನ್ನೊಂದಕ್ಕೆ ಸ್ಪಂಜಿನಲ್ಲಿ ನೀರು ಹಿಂಡಲಿ, ಇಡ್ಲಿ ತಟ್ಟೆಯ ಒಂದೊಂದು ಗುಳಿಗೆ ಒಂದೊಂದು ನಿಂಬೆಹಣ್ಣು ಇಡಲಿ. ತಾನೇ ಊಟ ಮಾಡುವುದೂ ಇದೇ ಲೆಕ್ಕಕ್ಕೆ ಬರುತ್ತದೆ. ಆರಿದ ಮುದ್ದೆಯನ್ನು ಮುರಿದು, ಉಂಡೆ ಮಾಡಿ, ಸಾರಿಗೆ ಅದ್ದುವ ಮಗುವಿನ ಬೆರಳು ಊಟದ ಹೊತ್ತಿನಲ್ಲೇ ಅಭ್ಯಾಸ ಮಾಡಿಕೊಂಡಿರುತ್ತದೆ. ಚೆಲ್ಲುತ್ತದೆ ಅಂತ ಐದು ವರ್ಷದವರೆಗೂ ತುತ್ತು ಕೊಡುತ್ತಾ, ಇನ್ನೊಂದು ಕಡೆ ಬೆರಳು ಪಳಗಿಸುವ ಕಿಟ್ ಹುಡುಕುವ ಮನೆಗಳೂ ಇವೆ.

ಇದರ ಬೆಲೆ ಅಂದರೆ ನಿಮ್ಮ ಹೊತ್ತು. ಹತ್ತು ನಿಮಿಷದ ಕೆಲಸ ಅರ್ಧ ಗಂಟೆಯಾಗುತ್ತದೆ. ಮನೆಯಲ್ಲಿ ಅಜ್ಜಿಯೋ ತಾತನೋ ಇದ್ದರೆ ಇದನ್ನು ಮೀರಿಸಿದ್ದಿಲ್ಲ. ಇಬ್ಬರೂ ಏಳು ಗಂಟೆಗೆ ಟ್ರಾಫಿಕ್ಕಿನಿಂದ ಬಂದು ಅಡುಗೆಗೆ ನಿಲ್ಲುವವರಾದರೆ ವಾರಕ್ಕೆ ಎರಡು ದಿನ ಆದರೆ ಅದೇ ದೊಡ್ಡದು.

ಮಣ್ಣು, ಹಿಟ್ಟು, ಕ್ಲೇ

ಈ ಮೂರನ್ನು ಜನ ಒಂದೇ ಅಂದುಕೊಳ್ಳುತ್ತಾರೆ, ಕೈಗೆ ಮೂರೂ ಬೇರೆ ಬೇರೆ.

ಜೇಡಿಮಣ್ಣು ಮೂರರಲ್ಲಿ ಗಟ್ಟಿ. ಮಿದಿಯಲು ಬೆರಳಷ್ಟೇ ಸಾಲದು, ಮಣಿಕಟ್ಟು, ಭುಜ ಎಲ್ಲ ಸೇರಬೇಕು. ಉತ್ತರ ಕರ್ನಾಟಕದವರಿಗೆ ಇದನ್ನು ಹೇಳಬೇಕಾಗಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಯ ಹೊತ್ತಿಗೆ ಮಕ್ಕಳು ಎತ್ತಿನ ಕೋಡು, ಇಣಿ (ಡುಬ್ಬ), ಗೋದಲಿ (ಮೇವಿನ ತೊಟ್ಟಿ) ಎಲ್ಲ ಮಾಡುತ್ತಾ ಕೂರುವುದನ್ನು ನೋಡಿದವರೇ. ಬೆಂಗಳೂರಿನಲ್ಲಾದರೆ ಪಾಟರಿ ಟೌನಿನ ಕುಂಬಾರರ ಹತ್ತಿರ, ಬೇರೆ ಊರಲ್ಲಿ ಗಣೇಶನ ಮೂರ್ತಿ ಮಾಡುವವರ ಹತ್ತಿರ ಕೇಳಿದರೆ ಹದ ಮಾಡಿದ ಮಣ್ಣು ಅಗ್ಗಕ್ಕೆ ಸಿಗುತ್ತದೆ. ರಸ್ತೆ ಬದಿಯ ಮಣ್ಣು, ಸೈಟಿನ ಮಣ್ಣು ತರಬೇಡಿ, ಗಾಜಿನ ಚೂರು, ಜಂತುಹುಳದ ಮೊಟ್ಟೆ ಏನಿರುತ್ತದೋ ಗೊತ್ತಾಗುವುದಿಲ್ಲ. ಒದ್ದೆ ಬಟ್ಟೆ ಸುತ್ತಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ವಾರಗಟ್ಟಲೆ ಹಾಗೇ ಇರುತ್ತದೆ, ಒಣಗಿದರೂ ನೀರಲ್ಲಿ ನೆನೆಸಿ ಮತ್ತೆ ಮಿದಿಯಬಹುದು. ತೊಂದರೆ ಇರುವುದು ಗಲೀಜಿನದ್ದು. ಬಾಲ್ಕನಿಯೋ ಹಿತ್ತಿಲೋ ಇಲ್ಲದ ಫ್ಲ್ಯಾಟಿನಲ್ಲಿ ಕಷ್ಟ. ಕೈಯನ್ನು ಬಕೆಟ್ಟಿನಲ್ಲಿ ತೊಳೆಸಿ, ಸಿಂಕಿನಲ್ಲಿ ತೊಳೆದರೆ ಪೈಪು ಕಟ್ಟಿಕೊಳ್ಳುತ್ತದೆ.

ಮನೆಯಲ್ಲಿ ಮಾಡುವ ಹಿಟ್ಟು ಮೆದು. ಒಂದು ಬಟ್ಟಲು ಮೈದಾ, ಅರ್ಧ ಬಟ್ಟಲು ಉಪ್ಪು, ಒಂದು ಚಮಚ ಎಣ್ಣೆ, ಸ್ವಲ್ಪ ನಿಂಬೆರಸ, ಬೇಕಾದಷ್ಟು ನೀರು. ಸಣ್ಣ ಉರಿಯಲ್ಲಿ ಮಗುಚಿ ಉಂಡೆಯಾದ ಮೇಲೆ ಇಳಿಸಿದರೆ ಹಸಿ ಹಿಟ್ಟಿಗಿಂತ ಜಾಸ್ತಿ ದಿನ ಬರುತ್ತದೆ. ಬಣ್ಣಕ್ಕೆ ಅರಿಸಿನ, ಬೀಟ್‌ರೂಟ್ ನೀರು. ಒಂದೂವರೆ ಎರಡು ವರ್ಷದವರಿಗೆ ಈ ಮೆದುವೇ ಸರಿ, ಜೇಡಿಮಣ್ಣು ಅವರ ಕೈಗೆ ಬಗ್ಗುವುದಿಲ್ಲ. ಆದರೆ ‘ಮನೆಯದ್ದು, ತಿಂದರೂ ಏನೂ ಆಗಲ್ಲ’ ಅನ್ನುವ ಮಾತನ್ನು ನಂಬಬೇಡಿ. ಅದರಲ್ಲಿರುವ ಉಪ್ಪು ವಿಪರೀತ. ಪುಟ್ಟ ಮಗು ಮುಷ್ಟಿಗಟ್ಟಲೆ ತಿಂದರೆ ರಕ್ತದಲ್ಲಿ ಉಪ್ಪಿನಂಶ ಏರಿ ಅಪಾಯವಾಗುತ್ತದೆ. ಎಲ್ಲವನ್ನೂ ಬಾಯಿಗೆ ಹಾಕುವ ಮಗುವಾದರೆ ಉಪ್ಪಿಲ್ಲದ ಚಪಾತಿ ಹಿಟ್ಟು ಕೊಟ್ಟು, ಆಟ ಮುಗಿದ ಮೇಲೆ ಬಿಸಾಕಿ.

ಅಂಗಡಿಯ ಪ್ಲೇ-ಡೋದಲ್ಲಿ ಇರುವುದೂ ಹೆಚ್ಚಾಗಿ ಗೋಧಿ ಹಿಟ್ಟು, ಉಪ್ಪು, ನೀರೇ. ಗೋಧಿ ಅಲರ್ಜಿ ಇರುವ ಮಕ್ಕಳಿಗೆ ಆಗುವುದಿಲ್ಲ. ಮುಚ್ಚಳ ಹಾಕಲು ಮರೆತರೆ ಮಾರನೇ ದಿನ ಕಲ್ಲು. ಸ್ಟೇಷನರಿ ಅಂಗಡಿಯಲ್ಲಿ ಪಟ್ಟಿ ಪಟ್ಟಿಯಾಗಿ ಸಿಗುವ ಎಣ್ಣೆಯ ಕ್ಲೇ ಒಣಗುವುದಿಲ್ಲ, ಬೆಲೆ ಕಡಿಮೆ, ಮೊದಲು ಚೆನ್ನಾಗಿ ಹಿಸುಕಿ ಮೆದು ಮಾಡಿಕೊಳ್ಳಬೇಕು, ಆ ಹಿಸುಕುವುದೇ ಒಳ್ಳೆಯ ಕಸರತ್ತು. ನಾಲ್ಕು ದಾಟಿದ ಮಗುವಿಗೆ ದುಬಾರಿ ಡಬ್ಬಿಗಿಂತ ನಾನು ಇದನ್ನೇ ತರುತ್ತೇನೆ.

ಚನ್ನಪಟ್ಟಣದ್ದು

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಚನ್ನಪಟ್ಟಣದಿಂದ ಬಂದದ್ದೆಲ್ಲ ಕೈ ಪಳಗಿಸುವುದಿಲ್ಲ. ಶೋಕೇಸಿನಲ್ಲಿಡುವ ರಾಜ ರಾಣಿ ಗೊಂಬೆ ನೋಡಲು ಚೆಂದ, ಅಷ್ಟೇ. ಮಗುವಿನ ಕೈಗೆ ಬೇಕಾದದ್ದು ಕಡ್ಡಿಗೆ ಬಳೆ ಪೋಣಿಸುವ ಆಟಿಕೆ, ದಾರಕ್ಕೆ ಪೋಣಿಸುವ ದಪ್ಪ ಮಣಿ, ಗಿಲಕಿ, ಎಳೆಯುವ ಗಾಡಿ, ಮತ್ತು ಮುಖ್ಯವಾಗಿ ಬೆರಳಿನಲ್ಲಿ ತಿರುಗಿಸುವ ಪುಟ್ಟ ಬುಗುರಿ. ನಾಲ್ಕರ ಮೇಲಿನ ಮಗುವಿಗೆ ಆ ಬುಗುರಿ ಕೊಟ್ಟು ನೋಡಿ. ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ಎದುರಾಗಿ ಉಜ್ಜಬೇಕು, ಮಧ್ಯದ ಬೆರಳು ಆಸರೆ ಕೊಡಬೇಕು. ಪೆನ್ಸಿಲ್ ಹಿಡಿತದಲ್ಲಿ ಕೆಲಸ ಮಾಡುವುದೂ ಈ ಮೂರೇ. ಬೆಲೆಯೂ ಕೈಗೆಟುಕುವಂಥದ್ದು.

ಹಾಲೆ ಮರವನ್ನು ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗು ಒತ್ತಿ ಹಿಡಿದರೆ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಮೇಲೆ ಬಳಿದ ಪೇಂಟಿನ ಹಾಗೆ ಹಕ್ಕಳೆ ಏಳುವುದಿಲ್ಲ, ಅಂಚುಗಳೂ ದುಂಡಗೆ. ಬಾಯಿಗೆ ಹಾಕುವ ವಯಸ್ಸಿಗೆ ಮರದ ಆಟಿಕೆಗಳಲ್ಲಿ ಇದನ್ನೇ ನಾನು ಮೊದಲು ಇಡುವುದು ಇದಕ್ಕೇ. ಆದರೆ ಎನಾಮೆಲ್ ಪೇಂಟ್ ಹೊಡೆದ ಸಾಮಾನೂ ಅದೇ ಹೆಸರಲ್ಲಿ ಮಾರಾಟವಾಗುತ್ತದೆ. ಮೂಸಿ ನೋಡಿ, ಪೇಂಟಿನ ವಾಸನೆ ಬಂದರೆ ಬಿಡಿ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಬಣ್ಣ ಹತ್ತಿದರೂ ಬಿಡಿ. ನೀರಲ್ಲಿ ನೆನೆಹಾಕಿ ತೊಳೆಯುವಂತಿಲ್ಲ, ಒರೆಸಿಡಬೇಕು.

ಐಎಸ್‌ಐ ಗುರುತಿನ ಬಗ್ಗೆಯೂ ಹೇಳಿಬಿಡುತ್ತೇನೆ. 2021ರ ಜನವರಿ 1ರಿಂದ ಹದಿನಾಲ್ಕು ವರ್ಷದೊಳಗಿನವರ ಆಟಿಕೆಗೆ ನಮ್ಮ ದೇಶದಲ್ಲಿ ಅದು ಕಡ್ಡಾಯ. ನೋಂದಾಯಿತ ಕರಕುಶಲಿಗರು ಮಾಡಿ ಮಾರುವುದಕ್ಕೂ, ಜಿಐ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು) ನೋಂದಣಿ ಇರುವ ಉತ್ಪನ್ನಗಳನ್ನು ಅದರ ಹಕ್ಕುದಾರರು ಮಾರುವುದಕ್ಕೂ ವಿನಾಯಿತಿ ಇದೆ. ಚನ್ನಪಟ್ಟಣದ್ದಕ್ಕೆ ಜಿಐ ಇದೆ. ಹಾಗಾಗಿ ಅಲ್ಲಿಯ ಕುಶಲಕರ್ಮಿಯ ಆಟಿಕೆಯ ಮೇಲೆ ಐಎಸ್‌ಐ ಕಾಣದಿದ್ದರೆ ಗಾಬರಿ ಬೇಡ, ಪ್ಲಾಸ್ಟಿಕ್ ಆಟಿಕೆಯ ಮೇಲೆ ಕಾಣದಿದ್ದರೆ ಅಲ್ಲೇ ಇಟ್ಟು ಬನ್ನಿ. ಚನ್ನಪಟ್ಟಣದ ಆಟಿಕೆ ರಾಜ್ಯ ಸರ್ಕಾರದ ಕಾವೇರಿ ಕರಕುಶಲ ಮಳಿಗೆಗಳಲ್ಲಿ ಸಿಗುತ್ತದೆ. ಮೈಸೂರು ಕಡೆ ಕಾರಿನಲ್ಲಿ ಹೋಗುವವರು ಎಕ್ಸ್‌ಪ್ರೆಸ್‌ವೇ ಹಿಡಿದರೆ ಊರೇ ಸಿಗುವುದಿಲ್ಲ, ಹಳೇ ರಸ್ತೆಗೆ ಇಳಿಯಬೇಕು.

ಮಾಂಟೆಸ್ಸೊರಿ ಸಾಮಾನು

ಮರಿಯಾ ಮಾಂಟೆಸ್ಸೊರಿ 1939ರಲ್ಲಿ ಮದರಾಸಿಗೆ ಬಂದು, ಯುದ್ಧದಿಂದಾಗಿ 1946ರವರೆಗೂ ಭಾರತದಲ್ಲೇ ಉಳಿದು ಶಿಕ್ಷಕರಿಗೆ ತರಬೇತಿ ಕೊಟ್ಟವರು. ಅವರ ಸಾಮಾನು ಜಾಣತನದ್ದು, ಅದರಲ್ಲಿ ಎರಡು ಮಾತಿಲ್ಲ. ಸಿಲಿಂಡರ್ ಬ್ಲಾಕ್ ನೋಡಿ: ನಾಲ್ಕು ಮರದ ತುಂಡು, ಒಂದೊಂದರಲ್ಲಿ ಹತ್ತು ಕುಳಿ, ಹತ್ತು ಸಿಲಿಂಡರ್, ಮೇಲೆ ಪುಟ್ಟ ಗುಬುಟು. ಆ ಗುಬುಟನ್ನು ಮೂರು ಬೆರಳಲ್ಲೇ ಹಿಡಿಯಬೇಕು, ತಪ್ಪು ಕುಳಿಗೆ ಹಾಕಿದರೆ ಕೊನೆಗೆ ಒಂದು ಉಳಿದು ಮಗುವಿಗೇ ತಪ್ಪು ಗೊತ್ತಾಗುತ್ತದೆ. ದೊಡ್ಡವರು ಬಾಯಿ ಹಾಕಬೇಕಿಲ್ಲ.

ಆದರೆ ಇದು ಇಪ್ಪತ್ತು ಮೂವತ್ತು ಮಕ್ಕಳು ಹಂಚಿಕೊಳ್ಳುವ ಶಾಲೆಗೆ ಮಾಡಿದ್ದು. ಮನೆಯಲ್ಲಿ ಒಂದೇ ಮಗು. ಬಿಡಿಸುವುದು ಬಂದ ಮೇಲೆ ಅದು ಮಂಚದ ಕೆಳಗೆ ಸೇರುತ್ತದೆ, ದುಡ್ಡು ಮಾತ್ರ ಸಾವಿರಗಳಲ್ಲಿ. ಜೊತೆಗೆ ‘ಮಾಂಟೆಸ್ಸೊರಿ’ ಅನ್ನುವ ಹೆಸರನ್ನು ಯಾರು ಬೇಕಾದರೂ ಡಬ್ಬಿ ಮೇಲೆ ಹಾಕಿಕೊಳ್ಳಬಹುದು. ಹೆಸರು ನೋಡಿ ದುಡ್ಡು ಕೊಡಬೇಡಿ. ಗುಂಡಿ, ಜಿಪ್ ಹಾಕುವ ಫ್ರೇಮುಗಳ ಬದಲು ಅಪ್ಪನ ಹಳೇ ಅಂಗಿಯನ್ನು ರಟ್ಟಿಗೆ ತೊಡಿಸಿ ಕೊಟ್ಟರೂ ಅದೇ ಕೆಲಸ.

ಒಂದನ್ನು ಮಾತ್ರ ಬಿಡಬೇಡಿ ಅನ್ನುತ್ತೇನೆ, ಅದು ಸ್ಯಾಂಡ್‌ಪೇಪರ್ ಅಕ್ಷರ. ಪೆನ್ಸಿಲ್ ಹಿಡಿಯುವ ಮೊದಲೇ ಎರಡು ಬೆರಳಿನಿಂದ ಒರಟು ಅಕ್ಷರ ಸವರುತ್ತಾ ಮಗು ಅದರ ತಿರುವು ಕಲಿಯುತ್ತದೆ. ಕನ್ನಡದ ಅಕ್ಷರ ಪೂರ್ತಿ ತಿರುವೇ ಆದ್ದರಿಂದ ನಮಗೆ ಇದು ಇಂಗ್ಲಿಷಿಗಿಂತ ಹೆಚ್ಚು ಬೇಕು. ತೊಂದರೆ ಏನೆಂದರೆ ಇಂಗ್ಲಿಷಿಗೆ 26 ಹಲಗೆ, ನಮಗೆ 49, ಹಾಗಾಗಿ ಕೊಂಡರೆ ದುಬಾರಿ. ಮನೆಯಲ್ಲೇ ಮಾಡಿ: ರಟ್ಟಿನ ಮೇಲೆ ಅಂಗೈ ಅಗಲಕ್ಕೆ ಫೆವಿಕಾಲಿನಲ್ಲಿ ಅಕ್ಷರ ಬರೆದು, ಮೇಲೆ ಸಣ್ಣ ರವೆ ಉದುರಿಸಿ, ಒಣಗಿದ ಮೇಲೆ ಕೊಡವಿದರೆ ಆಯಿತು. ಶುರು ಮಾಡುವ ಜಾಗಕ್ಕೆ ಒಂದು ಚುಕ್ಕಿ ಇಡಿ. ಎಲ್ಲ 49 ಒಂದೇ ಸಲ ಬೇಡ. ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ಶುರು ಮಾಡುವ ರ, ಗ, ಸ, ದ, ಅ ಐದನ್ನು ಮಾಡಿಕೊಂಡರೆ ಕೆಲವು ವಾರ ಸಾಕು.

ಉಳಿದವು

ಪ್ಲಾಸ್ಟಿಕ್ ಬ್ಲಾಕಿನಲ್ಲಿ ಸೇರಿಸುವುದಕ್ಕಿಂತ ಬಿಡಿಸುವುದೇ ಕೈಗೆ ಒಳ್ಳೆಯ ಕೆಲಸ. ಒಂದೂವರೆ ವರ್ಷದಿಂದ ಡೂಪ್ಲೋ ತರಹದ ದಪ್ಪ ಬ್ಲಾಕ್, ನಾಲ್ಕರ ಮೇಲೆ ಸಣ್ಣದು. ತೀರಾ ಅಗ್ಗದವು ಒಂದೋ ಸಡಿಲ, ಇಲ್ಲ ಕಚ್ಚಿಕೊಂಡರೆ ದೊಡ್ಡವರಿಗೂ ಬಿಡಿಸಲಾಗುವುದಿಲ್ಲ. ಮಗು ಒಬ್ಬೊಬ್ಬನೇ ಗಂಟೆಗಟ್ಟಲೆ ಆಡುವುದು, ವರ್ಷಗಟ್ಟಲೆ ಬಾಳುವುದು, ತಮ್ಮನಿಗೋ ತಂಗಿಗೋ ದಾಟುವುದು ಇದೇ. ಹೊತ್ತು ಇಲ್ಲದ ಮನೆಯವರು ದುಡ್ಡು ಹಾಕುವುದಾದರೆ ಇಲ್ಲಿ ಹಾಕಿ.

ಬ್ಯುಸಿ ಬೋರ್ಡ್ ಒಂದು ವಾರದ ಸಂಭ್ರಮ. ಬೇಕೇ ಬೇಕು ಅನ್ನಿಸಿದರೆ ಹಾರ್ಡ್‌ವೇರ್ ಅಂಗಡಿಯಿಂದ ಚಿಲಕ, ಕೊಂಡಿ, ಕೀಲು ತಂದು ಒಂದು ಹಲಗೆಗೆ ಬಡಿಸಿ, ಬೇಜಾರಾದಾಗ ಒಂದೊಂದು ಬದಲಿಸಬಹುದು. ಸ್ಲೇಟು ಬಳಪ ಇನ್ನೂ ಸಿಗುತ್ತದೆ, ಬಹಳ ಒಳ್ಳೆಯದು. ಬಳಪ ಕಲ್ಲಿನ ಮೇಲೆ ತಡೆದು ತಡೆದು ಹೋಗುತ್ತದೆ, ತುಂಡು ಬಳಪ ಮುಷ್ಟಿಯಲ್ಲಿ ಹಿಡಿಯಲು ಬರದ ಕಾರಣ ಬೆರಳ ತುದಿ ತಾನಾಗಿ ಮುಂದೆ ಬರುತ್ತದೆ. ಬಳಪ ತಿನ್ನುವ ಮಗುವಾದರೆ ಬೇಡ.

ಯಾವ ಬೆಲೆಗೂ ಬೇಡದವು ಮೂರು. ನೀರಲ್ಲಿ ಊದಿಕೊಳ್ಳುವ ಬಣ್ಣದ ಮಣಿಗಳು, ನುಂಗಿದರೆ ಕರುಳಲ್ಲೂ ಊದುತ್ತವೆ. ಪುಟ್ಟ ಮ್ಯಾಗ್ನೆಟ್ ಗುಂಡುಗಳು, ಎರಡು ನುಂಗಿದರೆ ಕರುಳಿನ ಗೋಡೆಯನ್ನು ಮಧ್ಯೆ ಹಿಡಿದು ತೂತು ಮಾಡಬಲ್ಲವು. ಇನ್ನೊಂದು ನಮ್ಮದೇ, ಅಳಗುಳಿ ಮಣೆಯ ಜೊತೆ ಹಳೇ ಡಬ್ಬಿಯಿಂದ ಹೊರಬರುವ ಗುಲಗಂಜಿ. ಅದು ವಿಷ. ಮಣೆ ಆಡಿಸಿ, ನಾಲ್ಕೈದು ವರ್ಷದವರಿಗೆ ಅದಕ್ಕಿಂತ ಒಳ್ಳೆಯ ಆಟ ಕಡಿಮೆ, ಕಾಯಿಗೆ ಮಾತ್ರ ಹುಣಸೆ ಬೀಜವೋ ಕವಡೆಯೋ ಬಳಸಿ.

ಹಾಗಾದರೆ ನೀವು?

ಮನೆಯಲ್ಲಿ ಹಿರಿಯರಿದ್ದು ದುಡ್ಡು ಬಿಗಿಯಾಗಿದ್ದರೆ ಅಡುಗೆಮನೆ, ಜೇಡಿಮಣ್ಣು, ಸ್ಲೇಟು. ನೂರಿನ್ನೂರು ರೂಪಾಯಿ ದಾಟುವುದಿಲ್ಲ. ಇಬ್ಬರೂ ಕೆಲಸಕ್ಕೆ ಹೋಗುವ ಫ್ಲ್ಯಾಟಿನವರಿಗೆ ಒಂದು ಒಳ್ಳೆಯ ಬ್ಲಾಕ್ ಸೆಟ್, ಒಂದು ಪೋಣಿಸುವ ಆಟಿಕೆ, ಭಾನುವಾರಕ್ಕೆ ಹಿಟ್ಟು. ಐದಾರು ಸಾವಿರ ಖರ್ಚು ಮಾಡಲೇಬೇಕು ಅಂತ ಇರುವವರು ಅದನ್ನು ಒಂದೇ ಕಿಟ್‌ಗೆ ಸುರಿಯದೆ ಮೂರು ವರ್ಷಕ್ಕೆ ಹರಡಿ, ಮಗುವಿನ ಕೈ ಬದಲಾದ ಹಾಗೆ ಕೊಳ್ಳಿ. ಹೊರದೇಶದಲ್ಲಿರುವ ಮೊಮ್ಮಕ್ಕಳಿಗೆ ಸೂಟ್‌ಕೇಸಿನಲ್ಲಿ ಕಳಿಸಲು ಬುಗುರಿ, ಮಣಿ ಸರ, ಕನ್ನಡದ ಒರಟು ಅಕ್ಷರ ಸಾಕು. ಬ್ಲಾಕು, ಕ್ಲೇ ಅಲ್ಲೇ ಸಿಗುತ್ತವೆ.

ಮಣ್ಣು, ಹಿಟ್ಟು ಮುಟ್ಟಿದರೇ ಅಳುವ ಮಕ್ಕಳಿರುತ್ತಾರೆ. ಬಲವಂತ ಬೇಡ. ಹಿಟ್ಟನ್ನು ಜಿಪ್ ಕವರಿನೊಳಗೆ ಹಾಕಿ ಹೊರಗಿನಿಂದ ಒತ್ತಲು ಕೊಡಿ, ಇಲ್ಲ ಒಣ ಬ್ಲಾಕಿನಿಂದ ಶುರು ಮಾಡಿ. ಆದರೆ ಒಂದು ವರ್ಷ ದಾಟಿದರೂ ಎರಡು ಬೆರಳಲ್ಲಿ ಹೆಕ್ಕುವುದಿಲ್ಲ, ಒಂದೂವರೆಗೂ ಮುಂಚೆಯೇ ಒಂದೇ ಕೈಯನ್ನು ಬಳಸಿ ಇನ್ನೊಂದನ್ನು ಸುಮ್ನೆ ಬಿಟ್ಟಿರುತ್ತದೆ, ಮುಷ್ಟಿ ಯಾವಾಗಲೂ ಬಿಗಿದೇ ಇರುತ್ತದೆ ಅಂತಾದರೆ ಆಟಿಕೆ ಬದಲಿಸುತ್ತಾ ಕೂರಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳ ತಪಾಸಣೆ ಉಚಿತ, ಜಿಲ್ಲಾ ಮಟ್ಟದಲ್ಲಿ ಇದಕ್ಕೇ ಅಂತ ಶೀಘ್ರ ಚಿಕಿತ್ಸಾ ಕೇಂದ್ರಗಳೂ ಇವೆ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಎಲ್ಲಿಗೆ ಹೋಗಬೇಕು ಅಂತ ಹೇಳುತ್ತಾರೆ.